ಕಾಲಳತೆಯ ಊರು: ಬೆಂಗಳೂರು ಪೇಟೆಯಲ್ಲೊಂದು ಹಗಲು

ಯಲಹಂಕ ನಾಡಪ್ರಭು ಒಂದನೆಯ ಕೆಂಪೇಗೌಡರು 1537ರಲ್ಲಿ ಮಣ್ಣಿನ ಕೋಟೆ ಕಟ್ಟಿಸಿ ನೆಲೆಗೊಳಿಸಿದ ಮೂಲ ಬೆಂಗಳೂರೇ ಇಂದಿನ ಬೆಂಗಳೂರು ಪೇಟೆ. ಉತ್ತರಕ್ಕೆ ಮೈಸೂರು ಬ್ಯಾಂಕ್ ವೃತ್ತ, ದಕ್ಷಿಣಕ್ಕೆ ಕೃಷ್ಣರಾಜೇಂದ್ರ ಮಾರುಕಟ್ಟೆ, ಪೂರ್ವಕ್ಕೆ ಹಲಸೂರು ಗೇಟ್, ಪಶ್ಚಿಮಕ್ಕೆ ಕಾಟನ್‌ಪೇಟೆ. ಇಷ್ಟರೊಳಗೆ ಐದು ಶತಮಾನಗಳ ಊರು ಅಡಗಿದೆ. ನಿಲ್ಲದೆ ನಡೆದರೆ ಒಂದು ತುದಿಯಿಂದ ಇನ್ನೊಂದಕ್ಕೆ ಅರ್ಧ ಗಂಟೆಯೂ ಹಿಡಿಯದು. ನೋಡುತ್ತಾ ನಡೆದರೆ ಒಂದು ಹಗಲು ಸಾಲದು.

ಪೇಟೆಯನ್ನು ಕಾಲ್ನಡಿಗೆಯಲ್ಲಿಯೇ ನೋಡಬೇಕು ಎನ್ನುವುದಕ್ಕೆ ವಾಹನ ದಟ್ಟಣೆ ಒಂದೇ ಕಾರಣವಲ್ಲ. ಈ ಬೀದಿಗಳ ಅಗಲ ಗೊತ್ತಾದದ್ದು ತಲೆಹೊರೆಯ ಮನುಷ್ಯ, ಹೇರೆತ್ತು ಮತ್ತು ಎತ್ತಿನ ಗಾಡಿಯ ಲೆಕ್ಕದಲ್ಲಿ. ಅಂಗಡಿಯ ಜಗಲಿ ನಿಂತವನ ಸೊಂಟದೆತ್ತರಕ್ಕಿದೆ. ಹೊತ್ತ ಮೂಟೆಯನ್ನು ಬಗ್ಗದೆ ಇಳಿಸಲು ಅದೇ ಸರಿಯಾದ ಎತ್ತರ. ಗುಡಿ ಎರಡು ಅಂಗಡಿಗಳ ನಡುವೆ ಒತ್ತಿಕೊಂಡು ನಿಂತಿರುತ್ತದೆ, ಮನೆಯ ಬಾಗಿಲು ಮಳಿಗೆಯ ಪಕ್ಕದ ಸಂದಿನಲ್ಲಿರುತ್ತದೆ. ವಾಹನದಲ್ಲಿ ಕುಳಿತವರಿಗೆ ಇವು ಕಾಣಿಸುವುದಿಲ್ಲ. ಅರಮನೆಯ ಊರಿಗೆ ಅರಮನೆಯೇ ಸ್ಮಾರಕ. ಪೇಟೆಯ ಸ್ಮಾರಕವೆಂದರೆ ಅಲ್ಲಿ ಇನ್ನೂ ನಡೆಯುತ್ತಿರುವ ಕಸುಬು. ಅದು ಕಣ್ಣಿಗೆ ಬೀಳುವುದು ಅದರ ನಡುವೆ ನಡೆದು ಹೋಗುವವರಿಗೆ ಮಾತ್ರ.

ದಿನವನ್ನು ಕೃಷ್ಣರಾಜೇಂದ್ರ ಮಾರುಕಟ್ಟೆಯಿಂದ, ಅದೂ ಬೆಳಕು ಹರಿಯುವ ಮೊದಲೇ ಆರಂಭಿಸುವುದು ಒಳ್ಳೆಯದು. ಪೇಟೆಗೂ ಅದರ ದಕ್ಷಿಣದ ಕೋಟೆಗೂ ನಡುವೆ ಹಿಂದೆ ಬಯಲಿತ್ತು. ಅಲ್ಲಿನ ಸಿದ್ದಿಕಟ್ಟೆಯ ಸುತ್ತ ಸಂತೆ ಬೆಳೆಯಿತು. ಅದೇ ಜಾಗದಲ್ಲಿ 1921ರಲ್ಲಿ ಕಟ್ಟಡವೆದ್ದು ನಾಲ್ವಡಿ ಕೃಷ್ಣರಾಜ ಒಡೆಯರ ಹೆಸರು ಹೊತ್ತಿತು. ಊರಿನ ಬಾಯಲ್ಲಿ ಅದು ಇಂದಿಗೂ ಸಿಟಿ ಮಾರ್ಕೆಟ್. ಸುತ್ತಲ ಜಿಲ್ಲೆಗಳ ಹೊಲಗಳಲ್ಲಿ ಕೊಯ್ದ ಹೂವು ನಸುಕಿನಲ್ಲಿ ಇಲ್ಲಿಗೆ ಬಂದಿಳಿಯುತ್ತದೆ. ಸೇವಂತಿಗೆ, ಚೆಂಡುಹೂ, ಗುಲಾಬಿ, ಸುಗಂಧರಾಜ ಮೂಟೆಗಳಲ್ಲಿ ಬಂದರೆ ಮಲ್ಲಿಗೆ, ಕನಕಾಂಬರ, ಕಾಕಡ ಬುಟ್ಟಿಗಳಲ್ಲಿ ಬರುತ್ತವೆ. ಸಗಟು ವ್ಯಾಪಾರ ತೂಕದಲ್ಲಿ ನಡೆಯುತ್ತದೆ; ಕಟ್ಟಿದ ಹೂವಿಗೆ ಮೊಳ, ಮಾರುಗಳ ಅಳತೆ. ದವನ, ಮರುಗ, ತುಳಸಿ, ಬಿಲ್ವಪತ್ರೆಗಳಿಗೆ ಬೇರೆಯೇ ಸಾಲು. ವರಮಹಾಲಕ್ಷ್ಮಿ ವ್ರತದ ಹಿಂದಿನ ದಿನ, ಆಯುಧಪೂಜೆಯ ಹಿಂದಿನ ದಿನ ಬೆಲೆ ಗಂಟೆಗೊಮ್ಮೆ ಏರುತ್ತದೆ. ಮೇಲಿನ ಅಂತಸ್ತಿನ ಕಟಕಟೆಯ ಬಳಿ ನಿಂತು ಕೆಳಗೆ ನೋಡಿದರೆ ಹಳದಿ, ಕೇಸರಿ, ಬಿಳಿಯ ರಾಶಿಗಳ ನಡುವೆ ಹಮಾಲಿಗಳು ದಾರಿ ಬಿಡಿಸಿಕೊಳ್ಳುತ್ತಾ ಸಾಗುವುದು ಕಾಣುತ್ತದೆ. ಬಿಸಿಲೇರುವ ಹೊತ್ತಿಗೆ ಸಗಟು ವ್ಯಾಪಾರದ ಭರಾಟೆ ಇಳಿದಿರುತ್ತದೆ. ಆಗ ಬಂದವರಿಗೆ ಸಿಗುವುದು ಚಿಲ್ಲರೆ ಮಾರಾಟ ಮತ್ತು ನೆಲದ ಮೇಲಿನ ಎಸಳು.

ಮಾರುಕಟ್ಟೆಯಿಂದ ದಕ್ಷಿಣಕ್ಕೆ ಕೃಷ್ಣರಾಜೇಂದ್ರ ರಸ್ತೆಯಲ್ಲಿ ಸ್ವಲ್ಪ ದೂರ ನಡೆದರೆ ಕೋಟೆಯ ಉಳಿದ ಭಾಗ ಎದುರಾಗುತ್ತದೆ. ಇದು ಕೆಂಪೇಗೌಡರ ಕೋಟೆಯಲ್ಲ. 1638ರಲ್ಲಿ ಬಿಜಾಪುರದ ಸೇನಾನಿ ರಣದುಲ್ಲಾ ಖಾನನ ಕೈಗೆ ಸಿಕ್ಕ ಬೆಂಗಳೂರು ಶಿವಾಜಿಯ ತಂದೆ ಶಹಾಜಿ ಭೋಂಸ್ಲೆಗೆ ಜಹಗೀರಾಯಿತು. 1687ರಲ್ಲಿ ಮೊಗಲರು ಅದನ್ನು ಗೆದ್ದರು. ಅವರಿಗೆ ಮೂರು ಲಕ್ಷ ರೂಪಾಯಿ ಕೊಟ್ಟು ಮೈಸೂರಿನ ಚಿಕ್ಕದೇವರಾಜ ಒಡೆಯರು ಊರನ್ನು ತಮ್ಮದಾಗಿಸಿಕೊಂಡರು. ಪೇಟೆಯ ದಕ್ಷಿಣಕ್ಕೆ ಎರಡನೆಯ ಕೋಟೆ ಎದ್ದದ್ದು ಅವರ ಕಾಲದಲ್ಲಿ. ಅದನ್ನು 1761ರಲ್ಲಿ ಹೈದರಾಲಿ ಕಲ್ಲಿನಲ್ಲಿ ಕಟ್ಟಿಸಿದ. ಇಂದು ಉಳಿದಿರುವುದು ದೆಹಲಿ ಬಾಗಿಲಿನ ಸುತ್ತಲ ಭಾಗವಷ್ಟೇ. ಆದರೂ ಆ ಬಾಗಿಲೊಳಗೆ ಕಾಲಿಟ್ಟರೆ ಗೋಡೆಯ ದಪ್ಪ, ದಾರಿಯ ತಿರುವು, ಗೂಡಿನಲ್ಲಿ ಕುಳಿತ ಗಣಪತಿ, ಕಮಾನಿನ ಮೇಲಿನ ಗಾರೆಯ ಕುಸುರಿ ಎಲ್ಲವೂ ಕೈಗೆಟಕುವಷ್ಟು ಹತ್ತಿರದಲ್ಲಿವೆ. ಹೊರಗೋಡೆಯಲ್ಲಿ ಒಂದು ಫಲಕವಿದೆ. 1791ರ ಮಾರ್ಚ್ 21ರಂದು ಕಾರ್ನ್‌ವಾಲಿಸನ ಬ್ರಿಟಿಷ್ ಸೇನೆ ಗೋಡೆ ಒಡೆದು ನುಗ್ಗಿದ ಜಾಗವನ್ನು ಅದು ಗುರುತಿಸುತ್ತದೆ. ಕೋಟೆಯ ಕಿಲ್ಲೇದಾರ ಬಹಾದೂರ್ ಖಾನ್ ಆ ರಾತ್ರಿ ಕಾದಾಡುತ್ತಲೇ ಮಡಿದ.

ಕೋಟೆ ಬೀಳುವ ಎರಡು ವಾರ ಮೊದಲು, ಮಾರ್ಚ್ 7ರಂದು, ಪೇಟೆ ಶತ್ರುವಿನ ಕೈಸೇರಿತ್ತು. ಅಂದಿನ ಪೇಟೆಗೂ ಗೋಡೆಯಿತ್ತು, ಕಂದಕವಿತ್ತು, ಸುತ್ತಲೂ ದಟ್ಟವಾಗಿ ಬೆಳೆಸಿದ ಮುಳ್ಳಿನ ಬೇಲಿಯಿತ್ತು. ಬಾಗಿಲು ಒಡೆಯುವ ಹೋರಾಟದಲ್ಲಿ ಮದರಾಸಿನ ಫಿರಂಗಿ ದಳದ ಅಧಿಕಾರಿ ಮೂರ್‌ಹೌಸ್ ಸತ್ತ. ಈಗ ಪೇಟೆಯ ಗೋಡೆಯ ಒಂದು ಕಲ್ಲೂ ಕಾಣಸಿಗುವುದಿಲ್ಲ. ಹತ್ತೊಂಬತ್ತನೆಯ ಶತಮಾನದಲ್ಲಿ ಗೋಡೆ ಕೆಡವಿ, ಕಂದಕ ಮುಚ್ಚಿ, ಆ ಜಾಗವನ್ನು ರಸ್ತೆಗೂ ಮನೆಗಳಿಗೂ ಬಳಸಿದರು. ಹಲಸೂರು ಗೇಟ್ ಎಂಬ ಹೆಸರಿನಲ್ಲಿ, ಮೈಸೂರು ಬ್ಯಾಂಕ್ ವೃತ್ತದ ಯಲಹಂಕ ಗೇಟ್ ಆಂಜನೇಯಸ್ವಾಮಿ ಗುಡಿಯ ಹೆಸರಿನಲ್ಲಿ ಹಳೆಯ ಬಾಗಿಲುಗಳು ಉಳಿದಿವೆ.

ಕೋಟೆಯಿಂದ ಇನ್ನಷ್ಟು ದಕ್ಷಿಣಕ್ಕೆ, ಹಿಂದೆ ಆಲ್ಬರ್ಟ್ ವಿಕ್ಟರ್ ರಸ್ತೆಯಾಗಿದ್ದು ಈಗ ಆಲೂರು ವೆಂಕಟರಾವ್ ರಸ್ತೆಯಾಗಿರುವ ಬೀದಿಯ ಬಳಿ, ಎರಡು ಕಟ್ಟಡಗಳು ಒತ್ತೊತ್ತಾಗಿ ನಿಂತಿವೆ. ಒಂದು, ಚಿಕ್ಕದೇವರಾಜ ಒಡೆಯರು 1689ರಲ್ಲಿ ಕಟ್ಟಿಸಿದ ಕೋಟೆ ವೆಂಕಟರಮಣಸ್ವಾಮಿ ದೇವಸ್ಥಾನ. ಇನ್ನೊಂದು, ಹೈದರಾಲಿ 1781ರಲ್ಲಿ ಆರಂಭಿಸಿ ಟಿಪ್ಪು ಸುಲ್ತಾನ 1791ರಲ್ಲಿ ಪೂರೈಸಿದ ಬೇಸಿಗೆ ಅರಮನೆ. ದೇವಸ್ಥಾನದಲ್ಲಿ ಯಾಳಿಗಳನ್ನು ಕಡೆದ ಕಲ್ಲಿನ ಕಂಬಗಳು. ಅರಮನೆಯಲ್ಲಿ ಕಲ್ಲಿನ ಪೀಠದ ಮೇಲೆ ತೇಗದ ಮರದ ಕಂಬಗಳು, ಅಲೆಯಲೆಯಾದ ಕಮಾನುಗಳು, ಮಾಸಿದರೂ ಅಳಿಯದ ಹೂಬಳ್ಳಿಯ ಬಣ್ಣ. ಮೇಲಂತಸ್ತಿನ ಮೊಗಸಾಲೆಯಲ್ಲಿ ಕುಳಿತು ಸುಲ್ತಾನ ದರ್ಬಾರು ನಡೆಸುತ್ತಿದ್ದ. 1831ರಲ್ಲಿ ಬ್ರಿಟಿಷರು ಮೈಸೂರಿನ ಆಡಳಿತ ಕೈಗೆತ್ತಿಕೊಂಡ ಮೇಲೆ ಸರ್ಕಾರಿ ಕಚೇರಿಗಳು ಈ ಅರಮನೆಗೆ ಬಂದವು. 1868ರಲ್ಲಿ ಅಠಾರಾ ಕಚೇರಿ ಸಿದ್ಧವಾಗುವವರೆಗೂ ಇಲ್ಲಿಯೇ ಇದ್ದವು. ಮೈಸೂರಿನ ಅರಸರ ಗುಡಿ ಮತ್ತು ಸುಲ್ತಾನರ ಅರಮನೆ ಹೀಗೆ ಒಂದಕ್ಕೊಂದು ತಾಗಿಕೊಂಡೇ ಇರುವುದನ್ನು ಪುಸ್ತಕದಲ್ಲಿ ಓದಿದರೆ ಅದೊಂದು ವಾಕ್ಯ. ಒಂದರ ಅಂಗಳದಿಂದ ಇನ್ನೊಂದಕ್ಕೆ ನಡೆದವರಿಗೆ ಅದು ಈ ಊರಿನ ಸಹಜ ಸ್ಥಿತಿಯೆಂದು ತಿಳಿಯುತ್ತದೆ. ಗುಡಿಗಳು ಮಧ್ಯಾಹ್ನ ಬಾಗಿಲು ಹಾಕುವುದರಿಂದ ಈ ಭಾಗವನ್ನು ಬೆಳಗಿನ ಹೊತ್ತಿನಲ್ಲೇ ಮುಗಿಸಬೇಕು.

ಮತ್ತೆ ಮಾರುಕಟ್ಟೆಯ ಕಡೆಗೆ ಮರಳುವಾಗ ವಾಣಿ ವಿಲಾಸ ಮತ್ತು ವಿಕ್ಟೋರಿಯಾ ಆಸ್ಪತ್ರೆಗಳು ಸಿಗುತ್ತವೆ. ವಿಕ್ಟೋರಿಯಾಕ್ಕೆ 1897ರಲ್ಲಿ ಅಡಿಗಲ್ಲು ಬಿತ್ತು. 1900ರ ಡಿಸೆಂಬರ್‌ನಲ್ಲಿ ವೈಸರಾಯ್ ಕರ್ಜನ್ ಅದನ್ನು ಉದ್ಘಾಟಿಸಿದ. ಈ ಎರಡು ದಿನಗಳ ನಡುವೆ, 1898ರಲ್ಲಿ, ಬೆಂಗಳೂರಿಗೆ ಪ್ಲೇಗ್ ಬಂತು. ಗಾಳಿ ಬೆಳಕು ಕಡಿಮೆಯಿದ್ದ, ಮನೆಗೆ ಮನೆ ಅಂಟಿಕೊಂಡಿದ್ದ ಪೇಟೆಯಲ್ಲಿ ರೋಗ ಬೇಗ ಹಬ್ಬಿತು. ಜನ ಮನೆ ತೊರೆದು ಬಯಲಿನ ಗುಡಿಸಲುಗಳಿಗೆ ಹೋದರು. ಬಸವನಗುಡಿ ಮತ್ತು ಮಲ್ಲೇಶ್ವರ ಎಂಬ ಅಗಲ ಬೀದಿಗಳ ಬಡಾವಣೆಗಳು ಎದ್ದದ್ದು ಆ ಭಯದ ಬೆನ್ನಲ್ಲೇ. ಪೇಟೆಯ ಅನುಕೂಲಸ್ಥರು ಅಲ್ಲಿ ಮನೆ ಮಾಡಿದರು, ಅಂಗಡಿಯನ್ನು ಮಾತ್ರ ಇಲ್ಲಿ ಉಳಿಸಿಕೊಂಡರು. ಇಂದು ಪೇಟೆಯಲ್ಲಿ ಹಗಲು ಕಾಲಿಡಲು ಜಾಗವಿಲ್ಲದೆ ರಾತ್ರಿ ಬೀದಿ ಬಿಕೋ ಎನ್ನುವುದಕ್ಕೆ ಮೂಲ ಆ ವರ್ಷಗಳಲ್ಲಿದೆ. ಶಿವನಸಮುದ್ರದ ವಿದ್ಯುತ್ತಿನಿಂದ 1905ರ ಆಗಸ್ಟ್‌ನಲ್ಲಿ ಊರಿನ ಬೀದಿದೀಪಗಳು ಹೊತ್ತಿಕೊಂಡವು. ಪ್ಲೇಗಿನಿಂದ ಚೇತರಿಸಿಕೊಳ್ಳುತ್ತಿದ್ದ ಊರಿಗೆ ಅದು ಹೊಸ ಹುರುಪು ತಂದಿತು.

ಮಾರುಕಟ್ಟೆಯ ಪಶ್ಚಿಮಕ್ಕೆ ತರಗುಪೇಟೆ. ಇದು ದಿನಸಿಯ ಮಂಡಿಗಳ ಜಾಗ. ಮೆಣಸಿನಕಾಯಿ, ಧನಿಯ, ಬೆಲ್ಲ, ಬೇಳೆಕಾಳುಗಳ ಮೂಟೆಗಳು ಬಾಗಿಲ ಎತ್ತರಕ್ಕೆ ಪೇರಿಸಿಕೊಂಡಿರುತ್ತವೆ. ಒಣಮೆಣಸಿನ ಘಾಟು ತಿರುವಿಗೆ ಮೊದಲೇ ಮೂಗಿಗೆ ಬಡಿಯುತ್ತದೆ. ಬೆನ್ನ ಮೇಲೆ ಗೋಣಿ ಹೊತ್ತ ಹಮಾಲಿಗಳು, ತಳ್ಳುಗಾಡಿಗಳು, ಹೊರೆ ಇಳಿಸುವ ಲಾರಿಗಳು ಒಂದೇ ದಾರಿಯನ್ನು ಹಂಚಿಕೊಳ್ಳುತ್ತವೆ. ಇಲ್ಲಿ ನಡೆಯುವವರು ಪಾಲಿಸಬೇಕಾದ ನಿಯಮ ಒಂದೇ: ಹೊರೆ ಹೊತ್ತವರಿಗೆ ಮೊದಲು ದಾರಿ.

ಮಾರುಕಟ್ಟೆಯಿಂದ ಉತ್ತರಕ್ಕೆ ನೇರವಾಗಿ ಹೋಗುವುದು ಅವೆನ್ಯೂ ರಸ್ತೆ, ಅಂದರೆ ಹಳೆಯ ದೊಡ್ಡಪೇಟೆ. ಅದನ್ನು ಪೂರ್ವ ಪಶ್ಚಿಮವಾಗಿ ಕತ್ತರಿಸುವುದು ಚಿಕ್ಕಪೇಟೆ. ಇವೆರಡೂ ಕೂಡುವ ಚೌಕ ಬೆಂಗಳೂರಿನ ಹೊಕ್ಕುಳು. ಕೆಂಪೇಗೌಡರು ಶುಭ ಮುಹೂರ್ತ ನೋಡಿ, ಸಿಂಗರಿಸಿದ ನಾಲ್ಕು ಜೋಡಿ ಎತ್ತುಗಳನ್ನು ಈ ಜಾಗದಿಂದ ನಾಲ್ಕು ದಿಕ್ಕಿಗೆ ಹೂಡಿಸಿದರು, ನೇಗಿಲು ಗೀರಿದ ಗೆರೆಗಳೇ ಬೀದಿಗಳಾದವು ಎಂದು ಐತಿಹ್ಯ ಹೇಳುತ್ತದೆ. ಬಿತ್ತುವ ನೆಲವನ್ನು ಹದಗೊಳಿಸುವ ಹಾಗೆಯೇ ಊರಿನ ನೆಲವನ್ನೂ ಹದಗೊಳಿಸಿದ ಆ ಕಥೆಯಲ್ಲಿ ರೈತರ ನಾಡಿನ ದೊರೆಯೊಬ್ಬನ ಮನಸ್ಸು ಕಾಣುತ್ತದೆ. ಊರು ಕಟ್ಟಿದ ಕ್ರಮವೂ ಅಂಥದೇ. ಮೊದಲು ಕೆರೆ, ನಂತರ ಕೇರಿ. ನೀರಿಗಾಗಿ ಕೆಂಪಾಂಬುಧಿ, ಧರ್ಮಾಂಬುಧಿ ಕೆರೆಗಳು. ಕೆಂಪಾಂಬುಧಿ ಇಂದಿಗೂ ಇದೆ, ಧರ್ಮಾಂಬುಧಿಯ ಅಂಗಳದಲ್ಲಿ ಮೆಜೆಸ್ಟಿಕ್ ಬಸ್ ನಿಲ್ದಾಣ ನಿಂತಿದೆ. ಕೆರೆಗಳ ಬೆನ್ನಲ್ಲೇ ಒಂದೊಂದು ಕಸುಬಿಗೆ ಒಂದೊಂದು ಪೇಟೆ ಬಂತು. ಅಕ್ಕಿಪೇಟೆ, ರಾಗಿಪೇಟೆ, ಬಳೇಪೇಟೆ, ಕುಂಬಾರಪೇಟೆ, ಗಾಣಿಗರಪೇಟೆ, ಉಪ್ಪಾರಪೇಟೆ, ಕುರುಬರಪೇಟೆ ಹೀಗೆ ಹುಟ್ಟಿದವು. ಕುಂಬಾರಪೇಟೆಯಲ್ಲಿ ಈಗ ತಿಗರಿ ತಿರುಗುವುದಿಲ್ಲ, ಗಾಣಿಗರಪೇಟೆಯಲ್ಲಿ ಗಾಣ ಸುತ್ತುವುದಿಲ್ಲ. ಒಂದೇ ಸರಕಿನವರು ಒಂದೇ ಬೀದಿಯಲ್ಲಿ ಕೂಡಿ ಕೂರುವ ಪದ್ಧತಿ ಮಾತ್ರ ಅಳಿದಿಲ್ಲ. ಕೊಳ್ಳುವವರಿಗೆ ಹತ್ತು ಅಂಗಡಿಯ ಬೆಲೆ ಒಂದೇ ಸುತ್ತಿಗೆ ಗೊತ್ತಾಗುತ್ತದೆ. ಮಾರುವವರಿಗೆ ಪಕ್ಕದವನಲ್ಲಿರುವ ಮಾಲನ್ನು ತರಿಸಿ ಕೊಡುವ ಅನುಕೂಲವಿರುತ್ತದೆ. ಸದರ್ ಪತ್ರಪ್ಪ ರಸ್ತೆಯಲ್ಲಿ ಎಲೆಕ್ಟ್ರಾನಿಕ್ ಬಿಡಿಭಾಗಗಳ ಅಂಗಡಿಗಳು, ಬಿ.ವಿ.ಕೆ. ಅಯ್ಯಂಗಾರ್ ರಸ್ತೆಯಲ್ಲಿ ವಿದ್ಯುತ್ ಸಾಮಾನಿನ ಅಂಗಡಿಗಳು ಸಾಲುಗಟ್ಟಿರುವುದು ಕೆಂಪೇಗೌಡರ ಕಾಲದ ಕ್ರಮವೇ. ಸರಕು ಹೊಸದು, ನಡೆ ಹಳೆಯದು.

ಚಿಕ್ಕಪೇಟೆಯೆಂದರೆ ಸೀರೆ. ಮದುವೆಯ ಜವಳಿಗೆ ಹಳೆ ಮೈಸೂರು ಸೀಮೆಯ ಎಷ್ಟೋ ಮನೆತನಗಳು ತಲೆಮಾರುಗಳಿಂದ ಇಲ್ಲಿಗೇ ಬರುತ್ತಿವೆ. ನೆಲಕ್ಕೆ ಬಿಳಿ ಹಾಸು ಹಾಸಿ, ಅದರ ಮೇಲೆ ಕುಳಿತು ಒಂದರ ಮೇಲೊಂದು ಸೀರೆ ಬಿಡಿಸಿ ತೋರಿಸುವ ಅಂಗಡಿಗಳು ಇನ್ನೂ ಇವೆ. ಕೊಳ್ಳುವವರು ಚಪ್ಪಲಿ ಬಿಟ್ಟು ಒಳಹೋಗಿ ಕೂರಬೇಕು. ಅಜ್ಜಿ ಅಂಚು ನೋಡುತ್ತಾರೆ, ತಾಯಿ ಬೆಲೆ ಕೇಳುತ್ತಾರೆ, ಮದುಮಗಳು ಬಣ್ಣ ಆರಿಸುತ್ತಾಳೆ. 1800ರಲ್ಲಿ ಇಲ್ಲಿಗೆ ಬಂದ ಬ್ರಿಟಿಷ್ ಸಮೀಕ್ಷಕ ಫ್ರಾನ್ಸಿಸ್ ಬುಕಾನನ್ ಕೂಡ ಈ ಪೇಟೆಯ ನೇಕಾರರನ್ನೂ ಬಟ್ಟೆಯ ವ್ಯಾಪಾರವನ್ನೂ ವಿವರವಾಗಿ ದಾಖಲಿಸಿದ್ದಾನೆ. ಯುದ್ಧಗಳಲ್ಲಿ ನಲುಗಿದ ಊರು ಆಗ ಮತ್ತೆ ಮಗ್ಗ ಹೂಡುತ್ತಿತ್ತು. ಈಶಾನ್ಯದ ಕಬ್ಬನ್‌ಪೇಟೆಯ ಗಲ್ಲಿಗಳಲ್ಲಿ ರೇಷ್ಮೆಯ ನೇಯ್ಗೆ ಬಹುಕಾಲ ಮನೆಮನೆಯ ಕೆಲಸವಾಗಿತ್ತು.

ಚೌಕದಿಂದ ಪೂರ್ವಕ್ಕೆ ತಿರುಗಿದರೆ ನಗರ್ತಪೇಟೆ. ನಗರ್ತರು ಪೇಟೆಯ ಹಳೆಯ ವರ್ತಕ ಸಮುದಾಯ. ಇದೇ ಬೀದಿಯಲ್ಲಿ ವಿಶ್ವಕರ್ಮರ ಕಾಳಿಕಾಂಬಾ ಕಮಠೇಶ್ವರ ದೇವಸ್ಥಾನವಿದೆ. ಮುಂದೆ ತಿಗಳರಪೇಟೆಯಲ್ಲಿ ಧರ್ಮರಾಯಸ್ವಾಮಿ ದೇವಸ್ಥಾನ. ಪಾಂಡವರು ಮತ್ತು ದ್ರೌಪದಿ ಇಲ್ಲಿನ ಆರಾಧ್ಯರು. ತೋಟಗಾರಿಕೆಗೆ ಹೆಸರಾದ ತಿಗಳ ಸಮುದಾಯದವರು ಇಲ್ಲಿನ ಒಕ್ಕಲು. ಬೆಂಗಳೂರು ಕರಗ ಹೊರಡುವುದು ಈ ಗುಡಿಯಿಂದ. ಚೈತ್ರ ಹುಣ್ಣಿಮೆಯ ರಾತ್ರಿ, ಹೆಣ್ಣಿನ ಉಡುಗೆ ತೊಟ್ಟು ಬಳೆ ತೊಟ್ಟ ಅರ್ಚಕರು ಮಲ್ಲಿಗೆ ಮುಚ್ಚಿದ ಕರಗವನ್ನು ತಲೆಯ ಮೇಲಿಟ್ಟುಕೊಂಡು, ಕೈ ಹಿಡಿಯದೆ, ಬಿಚ್ಚುಗತ್ತಿಯ ವೀರಕುಮಾರರ ನಡುವೆ ಪೇಟೆಯ ಬೀದಿಬೀದಿ ಸುತ್ತುತ್ತಾರೆ. ಕಾಟನ್‌ಪೇಟೆಯಲ್ಲಿ ಹಜರತ್ ತವಕ್ಕಲ್ ಮಸ್ತಾನರ ದರ್ಗಾಕ್ಕೆ ಭೇಟಿ ಕೊಡುವುದು ಈ ಸಂಪ್ರದಾಯದ ಮುಖ್ಯ ಅಂಗ. ಬೆಳಗಾಗುವ ಹೊತ್ತಿಗೆ ಕರಗ ಮರಳಿ ಗುಡಿ ಸೇರುತ್ತದೆ. ಪೇಟೆಯ ಗಡಿ ಎಲ್ಲಿ, ಯಾವ ಬೀದಿ ಯಾವುದಕ್ಕೆ ಸೇರುತ್ತದೆ, ಯಾವ ಗುಡಿಗೆ ಯಾವ ಕೇರಿ ನಂಟು ಎಂಬುದನ್ನು ವರ್ಷಕ್ಕೊಮ್ಮೆ ಕಾಲಿನಿಂದಲೇ ನೆನಪು ಮಾಡಿಕೊಡುವ ನಡಿಗೆ ಇದು. ಈ ದೇವಸ್ಥಾನದಿಂದ ಆ ದರ್ಗಾದವರೆಗೆ ಹಗಲಿನಲ್ಲಿ ನಡೆದರೂ ಪೇಟೆಯ ಪೂರ್ವದಿಂದ ಪಶ್ಚಿಮಕ್ಕೆ ಒಂದು ಪೂರ್ತಿ ಅಡ್ಡಗೆರೆ ಎಳೆದಂತಾಗುತ್ತದೆ.

ಆ ಅಡ್ಡಗೆರೆಯ ನಡುವೆ ಮಧ್ಯಾಹ್ನದ ಊಟಕ್ಕೆ ಬಳೇಪೇಟೆ ಸರಿಯಾದ ಜಾಗ. ಇಲ್ಲಿನ ಉಡುಪಿ ಶ್ರೀಕೃಷ್ಣ ಭವನ ಸಾಗು ಹಾಕಿದ ದೋಸೆಗೆ ಹೆಸರುವಾಸಿ. ಹೊಟ್ಟೆ ತುಂಬಿದ ಮೇಲೆ ಇದೇ ಬಳೇಪೇಟೆಯಲ್ಲಿ ಸಂಗೀತ ವಾದ್ಯಗಳ ಅಂಗಡಿಗಳನ್ನು ನೋಡಬಹುದು. ವೀಣೆ, ತಬಲಾ, ಮೃದಂಗ, ಹಾರ್ಮೋನಿಯಂಗಳನ್ನು ಮಾರುವುದರ ಜೊತೆಗೆ ತಂತಿ ಬಿಗಿದು, ಚರ್ಮ ಮುಚ್ಚಿ, ಶ್ರುತಿ ಕೂಡಿಸಿ ಕೊಡುವ ಕೆಲಸವೂ ನಡೆಯುತ್ತದೆ. ಹತ್ತಿರದ ರಂಗಸ್ವಾಮಿ ಗುಡಿ ಬೀದಿಯಲ್ಲಿ ರಂಗನಾಥಸ್ವಾಮಿ ದೇವಸ್ಥಾನವಿದೆ. ವಿಜಯನಗರ ಶೈಲಿಯ ಕಂಬಗಳ ಮಂಟಪ ಅಲ್ಲಿನ ವಿಶೇಷ. ಸುಲ್ತಾನ್‌ಪೇಟೆಯ ಸುತ್ತ ಕಾಗದ ಮತ್ತು ಲಗ್ನಪತ್ರಿಕೆಯ ಮಳಿಗೆಗಳು. ಚಿಕ್ಕಪೇಟೆಯಲ್ಲಿ ಸೀರೆ, ಸುಲ್ತಾನ್‌ಪೇಟೆಯಲ್ಲಿ ಲಗ್ನಪತ್ರಿಕೆ, ಬಳೇಪೇಟೆಯಲ್ಲಿ ಬಳೆ, ಅವೆನ್ಯೂ ರಸ್ತೆಯ ಆಸುಪಾಸಿನಲ್ಲಿ ಒಡವೆ ಮತ್ತು ಬೆಳ್ಳಿ, ಮಾರುಕಟ್ಟೆಯಲ್ಲಿ ಹೂವು, ತರಗುಪೇಟೆಯಲ್ಲಿ ದಿನಸಿ. ಒಂದು ಮದುವೆಗೆ ಬೇಕಾದುದೆಲ್ಲ ಕಾಲ್ನಡಿಗೆಯ ದೂರದಲ್ಲಿ ಸಿಗುತ್ತದೆ. ಪೇಟೆ ಇಷ್ಟು ಕಾಲ ಬದುಕಿ ಉಳಿದ ಗುಟ್ಟೂ ಇದೇ. ಜನರ ಬಾಳಿನ ದೊಡ್ಡ ದಿನಗಳಿಗೆ ಅದು ಬೇಕಾಗಿದೆ.

ಸಂಜೆಯ ಮುಂಚೆ ಅವೆನ್ಯೂ ರಸ್ತೆಗೆ ಮರಳಿ ಉತ್ತರಕ್ಕೆ ನಡೆಯಬೇಕು. ದಾರಿಯಲ್ಲಿ ರೈಸ್ ಸ್ಮಾರಕ ಚರ್ಚ್ ಇದೆ. ಲಂಡನ್ ಮಿಷನ್ನಿನ ಬೆಂಜಮಿನ್ ರೈಸ್ ಕನ್ನಡ ಕಲಿತು ಈ ಪೇಟೆಯ ನಡುವೆ ಕೆಲಸ ಮಾಡಿದವರು. 1837ರಲ್ಲಿ ಬೆಂಗಳೂರಿನಲ್ಲೇ ಹುಟ್ಟಿದ ಅವರ ಮಗ ಬಿ.ಎಲ್. ರೈಸ್ ‘ಎಪಿಗ್ರಾಫಿಯಾ ಕರ್ನಾಟಿಕಾ’ ಸಂಪುಟಗಳಲ್ಲಿ ಮೈಸೂರು ಸೀಮೆಯ ಸಾವಿರಾರು ಶಾಸನಗಳನ್ನು ಬೆಳಕಿಗೆ ತಂದರು. ಕನ್ನಡ ನಾಡಿನ ಚರಿತ್ರೆ ಬರೆಯುವವರು ಇಂದಿಗೂ ಅವರ ಸಂಪುಟಗಳಿಗೆ ಋಣಿಗಳು. ಇದೇ ರಸ್ತೆಯಲ್ಲಿ ಪುಸ್ತಕದ ಅಂಗಡಿಗಳ ಸಾಲಿದೆ. ಪಠ್ಯಪುಸ್ತಕ, ಸ್ಪರ್ಧಾತ್ಮಕ ಪರೀಕ್ಷೆಯ ಕೈಪಿಡಿ, ಓದಿ ಮಾರಿದ ಹಳೆಯ ಪುಸ್ತಕಗಳು ಪಾದಚಾರಿ ಮಾರ್ಗದ ಮೇಲೂ ಹರಡಿಕೊಂಡಿರುತ್ತವೆ. ಹೊಸ ಪುಸ್ತಕ ಕೊಳ್ಳಲಾಗದ ಎಷ್ಟೋ ವಿದ್ಯಾರ್ಥಿಗಳು ಈ ಸಾಲಿನಿಂದಲೇ ಎಂಜಿನಿಯರಿಂಗ್, ವೈದ್ಯಕೀಯ ಓದಿದ್ದಾರೆ. ಶಾಲೆ ತೆರೆಯುವ ಜೂನ್ ತಿಂಗಳಲ್ಲಿ ಇಲ್ಲಿ ತಂದೆತಾಯಿಯರ ನೂಕುನುಗ್ಗಲು.

ರಸ್ತೆಯ ಉತ್ತರದ ತುದಿ ಮೈಸೂರು ಬ್ಯಾಂಕ್ ವೃತ್ತ. ಸರ್ ಎಂ. ವಿಶ್ವೇಶ್ವರಯ್ಯನವರು ದಿವಾನರಾಗಿದ್ದಾಗ 1913ರಲ್ಲಿ ಸ್ಥಾಪನೆಯಾದ ಮೈಸೂರು ಬ್ಯಾಂಕಿನ ಕೇಂದ್ರ ಕಚೇರಿ ಇಲ್ಲಿತ್ತು. ಪೇಟೆಯ ವರ್ತಕರಿಗೆ ಸಾಲ ಸಿಗುವ ದಾರಿ ಅದರಿಂದ ಅಗಲವಾಯಿತು. 2017ರಲ್ಲಿ ಆ ಬ್ಯಾಂಕು ಭಾರತೀಯ ಸ್ಟೇಟ್ ಬ್ಯಾಂಕಿನಲ್ಲಿ ವಿಲೀನವಾದರೂ ವೃತ್ತದ ಹೆಸರು ಜನರ ಬಾಯಲ್ಲಿ ಬದಲಾಗಿಲ್ಲ. ಆಚೆ ಬದಿಗೆ 1858ರಲ್ಲಿ ಶಾಲೆಯಾಗಿ ಹುಟ್ಟಿದ ಸೆಂಟ್ರಲ್ ಕಾಲೇಜು. ಇನ್ನೊಂದು ಕಡೆ ಹಳೆಯ ಕೇಂದ್ರ ಕಾರಾಗೃಹ, ಈಗಿನ ಫ್ರೀಡಂ ಪಾರ್ಕ್. 1942ರ ಕ್ವಿಟ್ ಇಂಡಿಯಾ ಚಳವಳಿಯಲ್ಲಿ ಈ ವೃತ್ತದಲ್ಲಿ ಪೊಲೀಸರ ಗುಂಡಿಗೆ ಜೀವ ತೆತ್ತವರ ಸ್ಮಾರಕವೂ ಇಲ್ಲಿದೆ. ಪೇಟೆಯ ಗೋಡೆ ನಿಂತಿದ್ದ ಗಡಿಯಲ್ಲಿ ಹೀಗೆ ಬ್ಯಾಂಕು, ಕಾಲೇಜು, ಸೆರೆಮನೆಗಳು ಎದ್ದವು. ಇಲ್ಲಿಂದಾಚೆಗೆ ಬೀದಿ ಅಗಲವಾಗುತ್ತದೆ, ಮರಗಳು ಕಾಣುತ್ತವೆ, ಬೇರೆ ಬೆಂಗಳೂರು ಆರಂಭವಾಗುತ್ತದೆ. ಅದು 1809ರಿಂದ ಬ್ರಿಟಿಷರ ದಂಡಿನ ಸುತ್ತ ಬೆಳೆದ ಊರು, ನಂತರದ ಸರ್ಕಾರಿ ಕಚೇರಿಗಳ ಊರು. ದಂಡು ಮತ್ತು ಪೇಟೆ ಎರಡೂ ಒಂದೇ ನಗರಪಾಲಿಕೆಯಡಿ ಸೇರಿದ್ದು 1949ರಲ್ಲಿ.

ಈ ಒಂದು ಹಗಲಿಗೆ ಬೇಕಾಗುವ ಸಿದ್ಧತೆ ಕಡಿಮೆ. 2017ರ ಜೂನ್‌ನಿಂದ ಮೆಟ್ರೋದ ಹಸಿರು ಮಾರ್ಗ ಪೇಟೆಯ ಅಡಿಯಲ್ಲೇ ಸಾಗುತ್ತಿದ್ದು, ಕೃಷ್ಣರಾಜೇಂದ್ರ ಮಾರುಕಟ್ಟೆ ಮತ್ತು ಚಿಕ್ಕಪೇಟೆ ನಿಲ್ದಾಣಗಳು ನಡಿಗೆಯ ಮಧ್ಯದಲ್ಲೇ ಸಿಗುತ್ತವೆ. ಭಾನುವಾರ ಬಹುಪಾಲು ಅಂಗಡಿಗಳು ಮುಚ್ಚಿರುವುದರಿಂದ ಪೇಟೆಯ ಬದುಕು ಕಾಣಬೇಕಾದರೆ ವಾರದ ದಿನಗಳೇ ಸರಿ. ಹಳೆಯ ಮನೆಗಳ ಮುಂಭಾಗವನ್ನೂ ಮರದ ಕೆತ್ತನೆಯನ್ನೂ ನಿಂತು ನೋಡಲು ಬಯಸುವವರಿಗೆ ಭಾನುವಾರ ಬೆಳಗ್ಗೆ ಉಪಯುಕ್ತ. ಕೆಲಸದಲ್ಲಿರುವವರ ಚಿತ್ರ ತೆಗೆಯುವ ಮೊದಲು ಕೇಳುವುದು ಮರ್ಯಾದೆ.

ಪೇಟೆ ಎಂದೂ ನಿಂತ ನೀರಲ್ಲ. ಜಗಲಿಯ ಮನೆಗಳು, ಮದರಾಸು ತಾರಸಿಯ ಮಳಿಗೆಗಳು ಒಂದೊಂದಾಗಿ ಉರುಳಿ ಗಾಜಿನ ಮುಖದ ವಾಣಿಜ್ಯ ಕಟ್ಟಡಗಳು ಬರುತ್ತಿವೆ. ಒಂದೆರಡು ಸ್ಮಾರಕಗಳಿಗೆ ಸಂರಕ್ಷಣೆಯ ಕಾನೂನು ಇದೆ. ಬೀದಿಗಳ ಹೆಣಿಗೆಗೆ, ಜಗಲಿಗಳ ಸಾಲಿಗೆ, ಕಸುಬುಗಳ ನೆರೆಹೊರೆಗೆ ಅಂಥ ಕಾವಲಿಲ್ಲ. ಅವನ್ನು ಉಳಿಸುವ ಕೆಲಸ ಚಿಕ್ಕ ಸಂಗತಿಗಳಿಂದಲೇ ಆರಂಭವಾಗಬೇಕು. ನಡೆಯಲು ಸಮನಾದ ನೆಲ, ಹೊರೆ ಇಳಿಸಲು ಗೊತ್ತಾದ ಹೊತ್ತು, ಹಮಾಲಿಗಳಿಗೆ ನೆರಳು ಮತ್ತು ಕುಡಿಯುವ ನೀರು, ಹಳೆಯ ಕಟ್ಟಡವನ್ನು ಕೆಡವದೆ ದುರಸ್ತಿ ಮಾಡುವ ಮಾಲೀಕರಿಗೆ ನೆರವು. ಮನುಷ್ಯನ ಹೆಜ್ಜೆಯ ಅಳತೆಗೆ ಕಟ್ಟಿದ ಊರು ನಡೆಯುವವರಿಗೆ ಅನುಕೂಲವಾಗಿರುವವರೆಗೂ ಬಾಳುತ್ತದೆ. ಬೆಂಗಳೂರಿಗೆ ತನ್ನ ಹುಟ್ಟಿನ ನೆಲದ ಬಗ್ಗೆ ಅಷ್ಟಾದರೂ ಹೊಣೆಯಿದೆ.